ಒಂಬತ್ತೂ ಹನ್ನೊಂದೂ

ನಮ್ಮ ಸೋಫಾದ ಮೇಲೆ ಮತ್ತೆ ಮೂವರು ಕೂತಿದ್ದಾರೆ.
ಯಾಲ್ಮರ್ ಹೇಳುತ್ತಾನೆ: ಒದ್ದೆ ಕೋಟಿನ ಹೆಂಗಸು,
ಅವಳ ಮಗ್ಗುಲಿಗೆ ಒಂದು ಮಗು,
ಇನ್ನೊಬ್ಬ ಟೋಪಿ ತೆಗೆಯದ ಮುದುಕ.
ಮಾತಿಲ್ಲ ಕತೆಯಿಲ್ಲ. ಟಿಕೆಟ್ಟೂ ಇಲ್ಲ.

ಮೂವತ್ತೊಂದು ವರ್ಷ ಹನ್ನೊಂದನೇ ಟ್ರಾಮ್ ಓಡಿಸಿದವನು,
ಗೋಥೆನ್‌ಬರ್ಗಿನ ಪೇಟೆಯಿಂದ ಸಾಲ್ಟ್‌ಹೋಲ್ಮೆನ್ ಕಡಲಂಚಿನವರೆಗೆ.
ಕಣ್ಣು ಮುಚ್ಚಿ ಹೇಳುತ್ತಿದ್ದ ನಿಲ್ದಾಣಗಳನ್ನು. ಈಗ
ಮಾರಿಯಾಪ್ಲಾನ್ ಆದಮೇಲೆ ನಿಂತುಬಿಡುತ್ತಾನೆ,
ಕಡಲು ಬರುವುದೇ ಇಲ್ಲ.

ಚಳಿಗಾಲದಲ್ಲಿ ಯಾರೋ ಒಬ್ಬ ವೈದ್ಯರು
ಸೋಫಾದವರನ್ನು ಇಳಿಸಲೆಂದು ಮಾತ್ರೆ ಕೊಟ್ಟರು.
ಇಳಿದದ್ದು ಅವರಲ್ಲ.
ಮೂರೇ ದಿನಕ್ಕೆ ಇವನು ಮರದ ಕೊರಡಾದ,
ಸೂಪಿನ ಚಮಚ ಬಾಯಿಯ ದಾರಿಯಲ್ಲೇ ನಿಂತಿತು.
ಆಮೇಲೆ ಡಾಕ್ಟರ್ ಹಘೀಘಿ ಅಂದರು:
ಬೆನ್ನಿನಿಂದ ಒಂದಿಷ್ಟು ನೀರು ತೆಗೆದು ನೋಡೋಣ.

ದಿಂಬನ್ನು ತಬ್ಬಿ, ಬೆನ್ನು ಬಿಲ್ಲಾಗಿಸಿ ಕೂತ.
ಎದುರಿಗೆ ನಾನು, ಅವನ ಮುಂಗೈ ಹಿಡಿದು.
ತೊಟ್ಟು, ತೊಟ್ಟು, ಆತುರವೇ ಇಲ್ಲದೆ,
ನೀರಿಗಿಂತ ತಿಳಿ. ಇಷ್ಟು ತಿಳಿಯಾದದ್ದು
ಇವನೊಳಗಿನ ಕಲಕಲಿನ ಪಕ್ಕದಲ್ಲೇ ಹರಿಯುತ್ತಿತ್ತೆ?

ಗಾಜಿನ ಕೊಳವೆ ಆಗದಂತೆ. ಪ್ಲಾಸ್ಟಿಕ್ಕಿನಲ್ಲೂ
ಒಂದೇ ಬಗೆಯದು ಬೇಕಂತೆ. ಬೇರೆಯದಾದರೆ
ಹುಡುಕುವ ಪ್ರೋಟೀನು ಗೋಡೆಗೇ ಅಂಟಿಕೊಂಡು
ಲೆಕ್ಕಕ್ಕೆ ಸಿಗುವುದಿಲ್ಲ. ನರ್ಸ್ ಇದನ್ನೆಲ್ಲ ಹೇಳುವಾಗ
ನಾನು ನೆನೆದದ್ದು ನಮ್ಮ ಮನೆಯ ಗೋಡೆಗಳನ್ನು.
ಅವಕ್ಕೆಷ್ಟು ಅಂಟಿಕೊಂಡಿದೆಯೋ ಇವನದು.

ಐದು ವಾರಕ್ಕೆ ಫಲಿತಾಂಶ ಬಂತು.
ಅಮಿಲಾಯ್ಡ್ ಕಡಿಮೆ. ಒಳ್ಳೆಯದಲ್ಲವೆ, ಅಂದೆ.
ಅಲ್ಲವಂತೆ. ನೀರಿಗೆ ಬಾರದ್ದು ಮಿದುಳಲ್ಲೇ ಮಡುಗಟ್ಟಿದೆ.
ಟೌ ಹೆಚ್ಚು. ಅದೊಂದು ಕಾಯಿಲೆ, ಹೆಸರು ಎಲ್ಲರಿಗೂ ಗೊತ್ತು.

ಇನ್ನೊಂದು ಪರೀಕ್ಷೆಯನ್ನು ಅವರು ಹೇಳಿದ್ದು ಹೀಗೆ:
ಇವನ ನೀರಿನ ಹನಿಯನ್ನು ಒಳ್ಳೆಯ ಪ್ರೋಟೀನಿನಲ್ಲಿ ಬೆರೆಸಿ
ಅಲುಗಿಸುತ್ತಾರೆ, ಬಿಡುತ್ತಾರೆ, ಅಲುಗಿಸುತ್ತಾರೆ, ಗಂಟೆಗಟ್ಟಲೆ.
ಮಡಿಕೆ ತಪ್ಪಿದ ಒಂದು ಚೂರು ಅದರಲ್ಲಿದ್ದರೂ ಸಾಕು,
ಮಿಕ್ಕದ್ದೂ ಅದರಂತೆ ಮಡಚಿಕೊಂಡು ಯಂತ್ರದಲ್ಲಿ ಹೊಳೆಯುತ್ತದೆ.
ಹೆಪ್ಪು, ಅಂದೆ ನಾನು.
ರಾತ್ರಿಯ ಹಾಲಿಗೆ ನಿನ್ನೆಯ ಮೊಸರಿನ ಒಂದು ಚಮಚ.
ಅವರು ನಕ್ಕರು: ಶಿರಾಜಿನಲ್ಲಿ ನಮ್ಮಮ್ಮನೂ ಹಾಗೇ.
ಇವನ ಹನಿ ಹೆಪ್ಪಾಗಿತ್ತು.

ಹಾಗಾದರೆ ಎರಡು.
ನಾನು ಕೇಳಿದೆ, ಆಸ್ತಿ ಪಾಲು ಮಾಡುವವಳ ಹಾಗೆ:
ನಿಲ್ದಾಣ ಕದ್ದದ್ದು ಯಾವುದು, ಸೋಫಾದವರನ್ನು ತಂದದ್ದು ಯಾವುದು?
ನನ್ನ ತಂಗಿಯ ಹೆಸರು ಹೋದದ್ದು ಯಾವುದರ ಪಾಲಿಗೆ?
ಒಮ್ಮೊಮ್ಮೆ ಬೆಳಿಗ್ಗೆ ಪೂರಾ ಅವನೇ ಆಗಿರುತ್ತಾನಲ್ಲ, ಅದು?
ಡಾಕ್ಟರ್ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.
ಅಷ್ಟು ಬಿಡಿಸಿ ಹೇಳಲು ಬರುವುದಿಲ್ಲ, ಅಂದರು.

ಆಗ ಯಾಲ್ಮರ್, ಅಷ್ಟೊತ್ತೂ ಕಿಟಕಿ ನೋಡುತ್ತಿದ್ದವನು:
"ಒಂಬತ್ತೂ ಹನ್ನೊಂದೂ. ಸ್ವಲ್ಪ ದೂರ
ಒಂದೇ ಹಳಿ. ಮನೆಯೊಳಗೆ ಕೂತವರಿಗೆ ಸದ್ದು ಒಂದೇ.
ಯಾವುದು ಹೋಯಿತೆಂದು ಎದ್ದು ಹೋಗಿ ನೋಡಬೇಕು."

ಆ ಮಾತ್ರೆಯ ಹೆಸರನ್ನು ಕೆಂಪಿನಲ್ಲಿ ಬರೆದುಕೊಟ್ಟರು,
ಯಾವ ಆಸ್ಪತ್ರೆಯೂ ಮತ್ತೆ ಕೊಡದ ಹಾಗೆ.
ಫ್ರಿಜ್ಜಿನ ಬಾಗಿಲಲ್ಲಿದೆ ಕಾಗದ. ಆ ನೀರಿನಿಂದ
ಅಷ್ಟು ಸಿಕ್ಕಿತು.
ಚಮಚ ಈಗ ಬಾಯಿ ಮುಟ್ಟುತ್ತದೆ.

ಇವತ್ತು ಸಂಜೆ ಆ ಮೂವರ ಪಕ್ಕ
ಉಳಿದ ಜಾಗದಲ್ಲಿ ಹೋಗಿ ಕೂತೆ.
ಟಿಕೆಟ್, ಅಂದ, ನನ್ನನ್ನೇ ನೋಡಿ.
ಕೈಯಲ್ಲಿದ್ದ ಕಿತ್ತಳೆ ಸಿಪ್ಪೆ ಕೊಟ್ಟೆ.
ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡ.
ಆಮೇಲೆ ಮಗುವಿನ ಕಡೆ ಬಗ್ಗಿ, ಮೆಲ್ಲಗೆ:
ಕಡಲು ಇನ್ನೂ ದೂರ, ಮಲಗು.