ಐನೂರರೊಳಗೆ ಕೇಳಬೇಡ

ಕಕ್ಕಬ್ಬೆಯ ಈ ಆರು ಕೋಣೆಗಳಿಗೆ
ನಾನು ಬಂದದ್ದು ಬೆಡ್‌ಶೀಟು ಬದಲಿಸಲಿಕ್ಕೆ.
ಹಿಂದೆ ಇದ್ದದ್ದು ಮಡಿಕೇರಿಯ ಲಾಡ್ಜು:
ಅಲ್ಲಿ ಸೋಪಿನ ತುಂಡಿಗೂ ಮ್ಯಾನೇಜರ ಸಹಿ,
ನಗುವುದಕ್ಕೂ ಹೆಚ್ಚುಕಮ್ಮಿ ಬೇಕಿತ್ತು.

ಚೋಂದವ್ವ ಮೊದಲ ದಿನವೇ ಉಗ್ರಾಣದ ಕೀಲಿ ಕೊಟ್ಟು
"ಐನೂರು ರೂಪಾಯಿಯೊಳಗೆ ನನ್ನ ಕೇಳಬೇಡ.
ಬಂದವರಿಗೆ ಏನು ಕಮ್ಮಿಯೋ ನಿನಗೆ ಕಂಡರೆ, ಮಾಡು"
ಅಂದವಳೇ ಸ್ಪ್ಯಾನರ್ ಹಿಡಿದು ಜೀಪಿನಡಿ ನುಸುಳಿದಳು.

ಆರು ದಿನ ಕೀಲಿ ಸೆರಗಿನ ಗಂಟಲ್ಲೇ ಇತ್ತು.
ಒಂದು ನಿಂಬೆಹಣ್ಣು ಹೆಚ್ಚಲಿಕ್ಕೂ
ಕೈ ಬಾಗಿಲ ಕಡೆ ನೋಡುತ್ತಿತ್ತು.

ಏಳನೆಯ ರಾತ್ರಿ ಮೂರನೇ ಕೋಣೆಯ ಮಗುವಿಗೆ ಜ್ವರ.
ನಾಪೋಕ್ಲಿನಿಂದ ಆಟೋ ಕರೆಸಿದೆ. ನಾನೂರೈವತ್ತು.
ಬೆಳಿಗ್ಗೆ ಚೀಟಿ ಹಿಡಿದು ನಿಂತರೆ
ಅವಳು ಕೇಳಿದ್ದಿಷ್ಟೇ: "ಮಗು ಗಂಜಿ ಕುಡೀತಾ?"

ಆಮೇಲೆ ನನಗೆ ಕೊಂಬು ಬಂತು.
ಮಳೆ ಬಿಟ್ಟ ಹುಣ್ಣಿಮೆಗೆ ಬಂಡೆಯ ಮೇಲೆ ಊಟ ಅಂದೆ:
ಕಡಂಬುಟ್ಟು, ಕಣಿಲೆ ಪಲ್ಯ, ಲಾಟೀನು.
ಅಡುಗೆಯ ಕುಂಞಬ್ದುಲ್ಲ ಬೇಡವೆಂದ. ಕೇಳಲಿಲ್ಲ.
ಹನ್ನೊಂದು ಅತಿಥಿಗಳು, ಇಪ್ಪತ್ತೆರಡು ಕಾಲು,
ಜಿಗಣೆಗೆ ಲೆಕ್ಕವಿಲ್ಲ.
ಒಬ್ಬರು ತಟ್ಟೆ ಬಿಟ್ಟೋಡಿದರು, ಇಬ್ಬರು ದುಡ್ಡು ವಾಪಸು ಕೇಳಿದರು.

ಚೋಂದವ್ವ ಬೈಯಲಿಲ್ಲ.
ಒಂದು ಉದ್ದ ಪುಸ್ತಕ ತೆಗೆದಳು; ರಟ್ಟಿನ ಮೇಲೆ "ಎಡವಿದ್ದು".
ಹದಿನಾರು ಪುಟ ಅವಳದೇ ಅಕ್ಷರ:
ಆಟಿ ತಿಂಗಳ ಟೆಂಟು, ಬಾಡಿಗೆಯ ಕುದುರೆ,
ಪಾಚಿಗಟ್ಟಿದ ಈಜುಕೊಳ,
ಬ್ಯಾಂಕಿಗೆ ಹೋಗಿ ಹಿಂತಿರುಗದ ಎರಡು ಬಳೆ.
ಹದಿನೇಳನೆಯದನ್ನು ಪೆನ್ನಿನ ಸಮೇತ ನನ್ನತ್ತ ತಳ್ಳಿದಳು.
ಬರೆದೆ: ಜಿಗಣೆ. ಉಪ್ಪು ಮರೆತದ್ದು. ಕುಂಞಬ್ದುಲ್ಲನ ಮಾತು.

ಇಲ್ಲಿಗೇ ನಿಲ್ಲಿಸಿದರೆ ಲೆಕ್ಕ ಸುಳ್ಳಾದೀತು.
"ನಿನ್ನದೇ ಅಂದುಕೋ" ಅಂದಳು, ಅಂದುಕೊಂಡೆ;
ಅಂದಿನಿಂದ ನನ್ನ ನಿದ್ದೆ
ಆರೂ ಕೋಣೆಯ ಚಿಲಕ ಮುಟ್ಟಿ ನೋಡಿ ಬರುತ್ತದೆ.
ಮಗಳ ಜಡೆ ಹೆಣೆಯುವಾಗ ನೀರಿನ ಟ್ಯಾಂಕು ನೆನಪಾಗುತ್ತದೆ.
ಗಂಡ ಕೇಳುತ್ತಾನೆ,
ಅಂದುಕೊಂಡದ್ದಕ್ಕೆ ತಿಂಗಳಿಗೆಷ್ಟು?

ನಿನ್ನೆ ಅದನ್ನೇ ಅವಳಿಗೆ ಕೇಳಿದೆ.
ದೊಡ್ಡ ಶೀಟಿನ ಆ ತುದಿ ಅವಳ ಕೈಲಿ, ಈ ತುದಿ ನನ್ನಲ್ಲಿ.
ಮಡಚುತ್ತ ಹತ್ತಿರ ಬಂದೆವು, ದೂರ ಹೋದೆವು,
ಮತ್ತೆ ಹತ್ತಿರ.
ಮಾತಿಲ್ಲ.

ಸಂಜೆ ಪುಸ್ತಕದಲ್ಲಿ ಹೊಸ ಪುಟ:
"ಹದಿನೆಂಟು. ಅವಳು ಕೇಳುವವರೆಗೆ ಕಾದದ್ದು."
ಕೆಳಗೆ ಮೊತ್ತದ ಜಾಗ ಖಾಲಿ,
ಪಕ್ಕದಲ್ಲಿ ಮುಚ್ಚಳ ತೆಗೆದಿಟ್ಟ ಪೆನ್ನು.

ಇದು ಐನೂರರೊಳಗಿನದಲ್ಲ.
ಹಾಗಂತ ಕೈ ಬಾಗಿಲ ಕಡೆ
ನೋಡಲೂ ಇಲ್ಲ.