ಹಿಂದಕ್ಕೆ ಓಡಿಸು

ಯೂನಿಯನ್ ಕಟ್ಟಡದಲ್ಲಿ ಎರಡು ದುಪ್ಪಟಿ ಹೊಲಿದು ಪರದೆ ಕಟ್ಟಿದೆವು.
ನಡುವಿನ ಹೊಲಿಗೆ ಪತ್ರಕರ್ತನ ಮೂಗಿನ ಮೇಲೇ ಬಂತು.
ಮೂರು ವರ್ಷದ ಹಿಂದೆ ನಮ್ಮ ಮುಲುಂಗಾದಲ್ಲೇ ತೆಗೆದ ಚಿತ್ರ;
ಊರಿಗೆ ಬೇರೆ ಹೆಸರಿಟ್ಟಿದ್ದರು,
ಜಾಂಬಿಯಾದ ಹೆಸರು ಎಲ್ಲೂ ಬರಲಿಲ್ಲ.
ತಾಮ್ರದ ಕಂಪನಿ, ವಿಷದ ಹೊಳೆ, ಮಂತ್ರಿಗೊಂದು ಸೂಟ್‌ಕೇಸು,
ಎಲ್ಲೋ ತಂಪು ದೇಶದಿಂದ ಬಂದ ಆ ಪತ್ರಕರ್ತ.
ಅವನು ಬೆವರಿದಾಗಲೆಲ್ಲ ಸಂಗೀತ.

ಕಪೆಂಬ್ವಾ ಹೊಳೆದಂಡೆಯಲ್ಲಿ ಹೆಣವಾಗಿದ್ದಾನೆ.
ದಿನಕ್ಕೆ ನೂರೈವತ್ತು ಕ್ವಾಚ, ಮೇಲೊಂದು ಬನ್ನು.
ಮೂಗಿಗೆ ನೊಣ ಹೊಕ್ಕರೂ ಮಿಸುಕಿರಲಿಲ್ಲವಂತೆ.
ಅದೇ ದಂಡೆಯಲ್ಲಿ ಅವನ ತಮ್ಮ ಪುಕ್ಕಟೆ ಸತ್ತಿದ್ದ.
ಪರದೆಯಲ್ಲಿ ತನ್ನನ್ನು ಕಂಡು ಎದ್ದುನಿಂತು ಟೋಪಿ ತೆಗೆದ.
ಹುಡುಗರು ಸಿಳ್ಳೆ ಹಾಕಿದರು.

ನಡುರಾತ್ರಿ, ಟ್ಯಾಂಕರಿನಿಂದ ಬಾಡಿಗೆ ತಂದ ಮಳೆ.
ಪತ್ರಕರ್ತ ಬೀರು ಒಡೆದು ಕಡತ ತೆಗೆದ.
"ಕೊನೆಗೂ ಸತ್ಯ ಸಿಕ್ಕಿತು" ಎಂದದ್ದೇ ತಡ
ಇಡೀ ಸಭೆ ನಕ್ಕಿತು.
ನಮ್ಮಿಂದ ಅದು ಕಳೆದದ್ದಾದರೂ ಯಾವಾಗ?
ಕೊಡದ ತಳದಲ್ಲಿ ಹಸಿರಾಗಿ ಕೂತಿತ್ತಲ್ಲ, ಉಜ್ಜಿದರೂ ಹೋಗದೆ.

ನಗದವಳು ಬನಾ ಲೊಂಬೆ ಒಬ್ಬಳೇ.
ಇಪ್ಪತ್ತೆರಡು ವರ್ಷ ಗಣಿಕಚೇರಿಯಲ್ಲಿ ಟೈಪು ಕುಟ್ಟಿದವಳು,
ಈಗ ಬಸ್ ನಿಲ್ದಾಣದಲ್ಲಿ ಹುರಿದ ಶೇಂಗಾ ಮಾರುವವಳು.
ಕತ್ತಲಲ್ಲಿ ತಡಕಾಡುತ್ತ ನನ್ನ ಯಂತ್ರದ ಬಳಿ ಬಂದು
"ಹಿಂದಕ್ಕೆ ಓಡಿಸು" ಅಂದಳು.

ಓಡಿಸಿದೆ. ಪತ್ರಕರ್ತ ಕಡತ ವಾಪಸಿಟ್ಟ,
ಒಡೆದ ಬೀರು ಕೂಡಿಕೊಂಡಿತು, ಮಳೆ ಮೇಲಕ್ಕೆ ಹೋಯಿತು.
"ಸಾಕು. ಈಗ ಬಿಡು. ಅಲ್ಲಿ, ಅಲ್ಲೇ ನಿಲ್ಲಿಸು."

ಕಡತದ ಮೂರನೇ ಹಾಳೆ, ದುಪ್ಪಟಿಯಷ್ಟು ಅಗಲ.
"ಕಡತ ತುಂಬಲು ಹಳೇ ಕಾಗದ ಬೇಕೆಂದು
ನನ್ನ ಪೊಟ್ಟಣದ ರದ್ದಿಯನ್ನೇ ತೂಕಕ್ಕೆ ಕೊಂಡಿದ್ದರು.
ನೋಡು, ನನ್ನ ಯಂತ್ರದಲ್ಲಿ ಸೊನ್ನೆ ಮಾತ್ರ
ಒಂದು ಕೂದಲೆಳೆ ಮೇಲೆ ಬೀಳುತ್ತಿತ್ತು."

ಸೊನ್ನೆಗಳು ಮೇಲೆಯೇ ಇದ್ದವು.
ಹೊಳೆನೀರು, ನಾಲ್ಕನೇ ಕಾಲುವೆ. ತಾರೀಕು. ಸೀಸ ಇಷ್ಟು.
ಕೆಳಗೆ ಮ್ಯಾನೇಜರನ ರುಜು, ನಟನದಲ್ಲ, ಅವನದೇ,
ಶೇಂಗಾ ಎಣ್ಣೆಯ ಕಲೆಯಲ್ಲಿ ನೆನೆದು.

"ಮುಂದಕ್ಕೆ ಹಾಕೋ, ಅವನು ಸಾಯ್ತಾನಾ ಇಲ್ವಾ?"
ಹಿಂದಿನ ಸಾಲಿನಿಂದ ಯಾರೋ ಕೂಗಿದರು.
ಕಪೆಂಬ್ವಾ ಟೋಪಿ ಹಿಡಿದೇ ಪರದೆಗೆ ಹೋಗಿ
ತಾರೀಕಿನ ಮೇಲೆ ಬೆರಳಿಟ್ಟ.
ಬೆರಳ ನೆರಳಿಗೆ ತಾರೀಕು ಮುಚ್ಚಿತು; ತೆಗೆದ, ಮತ್ತೆ ಓದಿದ.
ತಮ್ಮ ಹೋಗುವ ಹದಿನಾಲ್ಕು ತಿಂಗಳ ಮುಂಚಿನದು.

ಜನರೇಟರಿನಲ್ಲಿ ಕಾಲು ಡಬ್ಬಿ ಡೀಸೆಲ್ ಉಳಿದಿತ್ತು.
ನಾನು ಗುಂಡಿ ಮುಟ್ಟಲಿಲ್ಲ.
ಬನಾ ಲೊಂಬೆ ಕೈಯಲ್ಲಿದ್ದ ಪೊಟ್ಟಣ ಬಿಚ್ಚಿ
ಶೇಂಗಾ ಮಡಿಲಿಗೆ ಸುರಿದುಕೊಂಡು
ಆ ಕಾಗದದ ಬೆನ್ನಿಗೆ ನೋಡಿ ನೋಡಿ ಬರೆಯತೊಡಗಿದಳು,
ಒಂದೊಂದು ಸೊನ್ನೆಯನ್ನೂ
ಒಂದು ಕೂದಲೆಳೆ ಮೇಲೆ.