ಅರ್ಧ ಇಂಚು

ವೈಶಾಖದ ಸಂಜಿ, ನಲವತ್ನಾಕು ಡಿಗ್ರಿ.
ಸ್ಟೇಷನ್ ಬಜಾರದ ಹಳೇ ಲೈಬ್ರರಿ, ಮ್ಯಾಲಿನ ಹಾಲು.
ಯಾರದೋ ಮನಿ ಚಾದರ ಗ್ವಾಡಿಗಿ ಬಡದಾರ.
ಹುಡುಗೂರು ಸಿನೆಮಾ ತಂದಾರ, ಜಪಾನಿಂದು, ಕರಿ-ಬಿಳಿದು,
ಲಡಾಯಿ ಸೋತ ಮ್ಯಾಲ ತಗದದ್ದಂತ.
"ನಿಮ್ಮ ಖಾತೆದ್ದೇ ಕಥಿ ಅದ, ಬರ್ರಿ ಕಾಕಾ" ಅಂದಿದ್ರು.
ಕುಂತವರು ಹನ್ನೊಂದು ಮಂದಿ.
ಅದರಾಗ ನಾ ಒಬ್ಬ, ರಿಟೈರಾದ ಹವಾಲ್ದಾರ.

ಚಾದರದ ಮ್ಯಾಲ ಒಬ್ಬ ಹರೇದ ಪೊಲೀಸ
ಕಳ್ಳನ ಹುಡುಕಲತ್ತಾನ
ಓಣಿ ಓಣಿ, ಕೊಳ್ಳ ಒರಸ್ಕೋತ, ಟೊಪಗಿ ಬೀಸ್ಕೋತ.
ಮಾತು ತಿಳಿಯಲ್ಲ. ಕೆಳಗ ಇಂಗ್ಲಿಷ್ ಅಕ್ಷರ
ಓದೂದ್ರಾಗ ಓಡಿ ಹೋಗತಾವ.
ಬಾಜೂಕ ವಕೀಲರ ಗುಮಾಸ್ತ ಖಮರುದ್ದೀನ
ಕಿವ್ಯಾಗ ತರ್ಜುಮಿ ಮಾಡತಾನ.
ಬೆವರಿಗಿ ಬೇಕಾಗಲಿಲ್ಲ.

ಕಳ್ಳನ ಖೋಲಿ. ಕಳ್ಳಿಲ್ಲ.
ಮೂಲ್ಯಾಗ ಒಂದ ಜೋಡಿ ಬೂಟು.
ಪೊಲೀಸ ಒಂದ ಎತ್ತಿ ಅಟ್ಟಿ ತಿರುವಿ ನೋಡತಾನ,
ಆಮ್ಯಾಲ ತನ್ನ ಕಾಲ ನೋಡತಾನ.
"ಎರಡೂ ಒಂದೇ ನಮೂನಿ. ಫೌಜಿನ್ಯಾಗ ಕೊಟ್ಟದ್ದಂತ್ರಿ"
ಖಮರುದ್ದೀನ ಅಂದ.

ಆಗ ಕರೆಂಟ್ ಹೋಯ್ತು.

ಎಪ್ಪತ್ತೆಂಟರ ಭರ್ತಿ. ಪೊಲೀಸ ಮೈದಾನ, ಸುಣ್ಣದ ಗೆರಿ.
ನಾ, ಮತ್ತ ಸೈಬಣ್ಣ.
ಚಿತ್ತಾಪುರ ಹಾಸ್ಟೆಲಿನ್ಯಾಗ ಒಂದೇ ತಾಟಿನ್ಯಾಗ ಉಂಡವರು.
ಹಿಂದಿನ ರಾತ್ರಿ ಪ್ಲಾಟ್‌ಫಾರ್ಮ್ ಮ್ಯಾಲ ಮಲಗಿದಾಗ
ಅವನೇ ಕಲಿಸಿದ್ದ ನನಗ:
"ಮೊದಲ ಹೊಟ್ಯಾಗ ತುಂಬ್ಕೋ, ಟೇಪು ಬಂದ ಕೂಡಲೆ
ಮ್ಯಾಲ ಜಗ್ಗು. ಕಣ್ಣು ದೂರ ಇಡು."
ಜಗ್ಗಿದೆ. ಪಾಸು.
ಅವನೂ ಜಗ್ಗಿದ.
ಶಹಾಬಾದದ ಫರಸಿ ಖಣ್ಯಾಗ ಮೂರು ವರ್ಷ
ಧೂಳು ನುಂಗಿದ ಎದಿ. ಕೆಮ್ಮು ಬಂತು.
ಅರ್ಧ ಇಂಚು ಕಮ್ಮಿ, ಅಂದ ಜಮಾದಾರ.
ಮುಂದಿನವನ ಹೆಸರು ಕೂಗಿದ.

ಎಂಟು ವರ್ಷಕ್ಕ ಆ ಹೆಸರು
ನನ್ನ ಕೈಯಾಗಿನ ಕಾಗದದಾಗ ಬಂತು.
ನೆಹರು ಗಂಜ್. ತೊಗರಿ ಅಡತಿ. ಹನ್ನೆರಡು ಸಾವಿರ.
ಮುನೀಮನ ತಲಿಗಿ ತಕ್ಕಡಿ ಕಲ್ಲು ಬಿದ್ದಿತ್ತು,
ಮೂರನೇ ದಿನಕ್ಕ ಹೋದ, ಎರಡು ಹೆಣ್ಣು ಕೂಸು ಬಿಟ್ಟು.
ಇದನ್ನ ಮರೀಬ್ಯಾಡ್ರಿ. ನಾ ಮರತಿಲ್ಲ.

ಒಂಬತ್ತು ದಿನ ತಿರಗಿದೆ.
ದಾಲ್ ಮಿಲ್ಲಿನ ಹೊಟ್ಟಿನ ರಾಶಿ, ಆಳಂದ ನಾಕಾ,
ಗೂಡ್ಸ್ ಶೆಡ್ಡು, ಸೇಂದಿ ಅಂಗಡಿ.
ಹತ್ತನೇ ದಿನ ನಡು ಮಧ್ಯಾಹ್ನ, ಹುಮನಾಬಾದ ರಸ್ತಾದ ಅರವಟ್ಟಿಗಿ,
ತಟ್ಟಿನ ಚಪ್ಪರ, ಕೆಂಪು ಅರಿವಿ ಸುತ್ತಿದ ರಂಜಣಗಿ.
ಬೊಗಸಿ ಒಡ್ಡಿ ಕುಡಿಲತ್ತಿದ್ದ.
ಮುದುಕಿ ಹಾಕಿದ್ದೇ ಹಾಕಿದಳು, ಅವ ಕುಡದದ್ದೇ ಕುಡದ.
ನಾ ಹಿಂದ ನಿಂತಿದ್ದೆ.
ಅವಗ ಗೊತ್ತಿತ್ತು. ನೆಳ್ಳು ಬಿದ್ದಿತ್ತಲ್ಲ ನೀರಿನ ಮ್ಯಾಲ.

ಮಾರಿ ಒರಸ್ಕೊಂಡ. ತಿರಗಿದ.
"ನೀನೂ ಕುಡಿ. ಆಮ್ಯಾಲ ಹಾಕು."

ಕುಡದೆ.

ಪಂಚನಾಮಾದಾಗ ನೀರಿನ ಮಾತು ಬರಿಲಿಲ್ಲ.
ಓಡಿ ಹೋಗತಿದ್ದ, ಬೆನ್ನ ಹತ್ತಿ ಹಿಡದೆ, ಅಂತ ಬರದೆ.
ಸಾಹೇಬರು ಐವತ್ತು ರೂಪಾಯಿ ಇನಾಮ ಕೊಟ್ರು.
ಜಜ್ಜು ಕೇಳಿದಾಗ ಅವನೂ ಹೂಂ ಅಂದ,
ಓಡತಿದ್ದೆ ಸಾಹೇಬ.

ಕತ್ತಲಾಗ ಹನ್ನೊಂದು ಮಂದಿ
ಕೈಗಿ ಸಿಕ್ಕದ್ದು ಬೀಸ್ಕೋತ ಕುಂತೀವಿ.
"ಕಡೀಕ ಏನಾಗತದ ಕಾಕಾ? ಸಿಗತಾನೇನು?"
ಒಂದು ಹುಡುಗಿ ಕೇಳತಾಳ.
ಸಿಗತಾನವ್ವ.
ಸಿಗದೇ ಎಲ್ಲಿಗಿ ಹೋಗತಾನ ಇಷ್ಟು ಬಿಸಲಾಗ.

ಯಾರಿಗೂ ಕಾಣಲ್ಲ ಅಂತ
ಹೊಟ್ಯಾಗ ಒಂದು ಉಸರು ತುಂಬಿ
ಮೆಲ್ಲಕ ಮ್ಯಾಲ ಜಗ್ಗಿ ನೋಡಿದೆ.
ಅರವತ್ತಾರು ವಯಸ್ಸಿನ ಎದಿ. ಟೇಪಿಲ್ಲ, ಜಮಾದಾರಿಲ್ಲ.

ಕರೆಂಟ್ ಬಂತು.
ಚಾದರದ ಮ್ಯಾಲ ಅವ ಅಲ್ಲೇ ನಿಂತಾನ,
ಕೈಯಾಗ ಒಂಟಿ ಬೂಟು.
"ಶುರು ಆಯ್ತ್ರಿ" ಅಂತ ಖಮರುದ್ದೀನ ಮೊಣಕೈ ತಿವದ.
ನಾ ಇನ್ನಾ ಉಸರು ಬಿಟ್ಟಿರಲಿಲ್ಲ.